ಶಾಲೆಯೊಳಗಣ ಮೋಟಾರುಖಾನೆ

ಅಮೆರಿಕದ ಫಿಲಡೆಲ್ಫಿಯ ನಗರದ ಪಶ್ಚಿಮ ಭಾಗದಲ್ಲಿ, ಬಡವರ ಕೇರಿಗಳ ನಡುವೆ ಇರುವ ಒಂದು ಸರಕಾರಿ ಪ್ರೌಢಶಾಲೆಯ ಮಕ್ಕಳು ಕಟ್ಟಿದ ಕಾರೊಂದರ ವೃತ್ತಾಂತ ನನ್ನ ಕಣ್ಣಿಗೆ ಬಿದ್ದುದು ಆಕಸ್ಮಿಕವಾಗಿ. ವೆಸ್ಟ್ ಫಿಲಡೆಲ್ಫಿಯ ಹೈಸ್ಕೂಲಿನಲ್ಲಿ ಮೋಟಾರು ರಿಪೇರಿಯನ್ನು ವೃತ್ತಿಶಿಕ್ಷಣವಾಗಿ ಕಲಿಯುತ್ತಿದ್ದ ಆ ಹುಡುಗ ಹುಡುಗಿಯರು, ಸ್ಲೊವಾಕಿಯ ದೇಶದಲ್ಲಿ ತಯಾರಾಗುತ್ತಿದ್ದ ‘ಅಟ್ಯಾಕ್’ ಎಂಬ ಬಿಡಿಭಾಗಗಳ ಕಾರನ್ನು ತರಿಸಿ, ಅದರ ಹಿಂದಿನ ಗಾಲಿಗಳಿಗೆ ಸೋಯಾ ಎಣ್ಣೆಯ ಇಂಧನದಿಂದ ನಡೆಯುವ ಫೋಕ್ಸ್‌ವ್ಯಾಗನ್ ಡೀಸೆಲ್ ಇಂಜಿನನ್ನೂ, ಮುಂದಿನ ಗಾಲಿಗಳಿಗೆ ವಿದ್ಯುತ್ ಮೋಟಾರನ್ನೂ ಜೋಡಿಸಿದರು. ಈ ಎರಡು ಶಕ್ತಿಗಳೂ ಒಂದನ್ನೊಂದು ಸಂಧಿಸುವುದು ಚಕ್ರಗಳ ಕೆಳಗಿನ ರಸ್ತೆಯಲ್ಲಿ ಮಾತ್ರ. ಮಿತವ್ಯಯದ, ನಿರ್ಮಲವಾದ ವಾಹನಗಳಿಗೆಂದು ಆ ದೇಶದ ಈಶಾನ್ಯ ಪ್ರಾಂತದಲ್ಲಿ ನಡೆಯುತ್ತಿದ್ದ ‘ಟೂರ್ ಡಿ ಸೋಲ್’ ಸ್ಪರ್ಧೆಯಲ್ಲಿ 2005ರಲ್ಲಿಯೂ 2006ರಲ್ಲಿಯೂ ಗೆದ್ದುದು ಈ ಮಕ್ಕಳೇ.

ಪತ್ರಿಕೆಗಳು ಇದನ್ನು ಪವಾಡವೆಂದು ಬರೆದುವು. ನನಗೆ ರೇಗಿದ್ದು ಅಲ್ಲಿಯೇ. ಸ್ಪ್ಯಾನರು ಹಿಡಿದ ಹುಡುಗನು ಗಣಿತವನ್ನೂ ಬಲ್ಲನೆಂಬುದು ಪವಾಡವಾಗಿ ತೋರಬೇಕಾದರೆ, ಸ್ಪ್ಯಾನರಿಗೂ ಗಣಿತಕ್ಕೂ ನಡುವೆ ಯಾರೋ ಎಂದೋ ಗೋಡೆ ಕಟ್ಟಿರಬೇಕಲ್ಲವೆ? ಕಟ್ಟಿದವರ ಹೆಸರುಗಳು ದಾಖಲೆಯಲ್ಲಿವೆ.

ಮ್ಯಾಸಚೂಸೆಟ್ಸ್ ಸಂಸ್ಥಾನದ ವಿದ್ಯಾಧಿಕಾರಿಯಾಗಿದ್ದ ಡೇವಿಡ್ ಸ್ನೆಡೆನ್ ಎಂಬಾತನು ಸಮರ್ಥ, ಪ್ರಾಮಾಣಿಕ, ಮತ್ತು ನನ್ನ ಮಟ್ಟಿಗೆ ಅಸಹನೀಯವಾದಷ್ಟು ಅಚ್ಚುಕಟ್ಟಾದ ಮನುಷ್ಯ. ಸಮಾಜಕ್ಕೆ ಬೇಕಾದ ಕೆಲಸಗಳು ಇಂತಿಷ್ಟು, ಅವುಗಳಿಗೆ ತಕ್ಕ ಮಕ್ಕಳನ್ನು ಬೇಗನೆ ಆರಿಸಿ, ಬೇರೆಯ ಶಾಲೆಗಳಲ್ಲಿ, ಬೇರೆಯ ಆಡಳಿತದ ಕೆಳಗೆ, ಆಯಾ ಕೆಲಸಕ್ಕೆ ಪಳಗಿಸತಕ್ಕದ್ದು ಎಂಬುದು ಆತನ ಸಿದ್ಧಾಂತ. ಕೊಲಂಬಿಯ ವಿಶ್ವವಿದ್ಯಾನಿಲಯದ ದಾರ್ಶನಿಕ ಜಾನ್ ಡ್ಯೂಯಿ ಇದನ್ನು 1915ರಲ್ಲಿ ‘ದಿ ನ್ಯೂ ರಿಪಬ್ಲಿಕ್’ ಪತ್ರಿಕೆಯಲ್ಲಿ ಖಂಡಿಸಿದನು. ಸಂಪ್ರದಾಯವಾದಿಗಳ ವಿರೋಧಕ್ಕೆ ಒಗ್ಗಿಹೋಗಿದ್ದ ಸ್ನೆಡೆನ್, ಡ್ಯೂಯಿಯೇ ಎದುರುಪಕ್ಷಕ್ಕೆ ಬಲ ತುಂಬಿದನಲ್ಲಾ ಎಂದು ನೊಂದು ಉತ್ತರ ಬರೆದನು. ಅದಕ್ಕೆ ಡ್ಯೂಯಿ ಕೊಟ್ಟ ಪ್ರತ್ಯುತ್ತರದಲ್ಲಿ ದಾಕ್ಷಿಣ್ಯದ ಸುಳಿವೂ ಇಲ್ಲ: ಈಗಿರುವ ಕಾರ್ಖಾನೆಯ ವ್ಯವಸ್ಥೆಗೆ ಮಕ್ಕಳನ್ನು ಹೊಂದಿಸುವ ವಿದ್ಯೆ ತನಗೆ ಬೇಡ, ಆ ವ್ಯವಸ್ಥೆಯನ್ನೇ ಕಾಲಕ್ರಮದಲ್ಲಿ ಮಾರ್ಪಡಿಸಬಲ್ಲ ಬುದ್ಧಿಯನ್ನು ಕೆಲಸದ ಮೂಲಕವೇ ಬೆಳೆಸುವ ವಿದ್ಯೆ ಬೇಕು ಎಂಬುದು ಅದರ ತಾತ್ಪರ್ಯ.

ಅದೇ ಕಾಲದಲ್ಲಿ ಡ್ಯೂಯಿಯ ತರಗತಿಯಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಿಂದ ಹೋಗಿದ್ದ ಭೀಮರಾವ್ ಅಂಬೇಡ್ಕರರು ಕುಳಿತು ಪಾಠ ಕೇಳುತ್ತಿದ್ದರೆಂಬುದನ್ನು ನೆನೆದಾಗ ಈ ಜಗಳ ನಮಗೆ ಅಷ್ಟೇನೂ ದೂರದ್ದೆನಿಸದು. ಜಾತಿಯು ಶ್ರಮವನ್ನಷ್ಟೇ ಅಲ್ಲದೆ ಶ್ರಮಿಕರನ್ನೇ ವಿಭಾಗಿಸುವ ಏರ್ಪಾಡೆಂದು ಮುಂದೆ 1936ರಲ್ಲಿ ಅವರು ಬರೆದರು. ಗುರುವಿನ ಹಳೆಯ ವ್ಯಾಜ್ಯ ಆಗ ಅವರ ಮನಸ್ಸಿನಲ್ಲಿತ್ತೋ ಏನೋ, ಇದ್ದಿದ್ದರೆ ಚೆನ್ನ ಎಂದು ನನ್ನ ಆಸೆ.

ವಾದದಲ್ಲಿ ಡ್ಯೂಯಿ ಗೆದ್ದನು. ಕಾನೂನಿನಲ್ಲಿ ಸ್ನೆಡೆನ್ ಗೆದ್ದನು. ಆತನ ಸಹೋದ್ಯೋಗಿಯಾಗಿದ್ದ ಚಾರ್ಲ್ಸ್ ಪ್ರಾಸರನ ಕೈವಾಡ ಬಹುವಾಗಿದ್ದ ಸ್ಮಿತ್-ಹ್ಯೂಸ್ ಕಾಯಿದೆಗೆ ಅಧ್ಯಕ್ಷ ವಿಲ್ಸನ್ 1917ರ ಫೆಬ್ರುವರಿ 23ರಂದು ರುಜು ಹಾಕಿದನು. ಕೇಂದ್ರದ ಹಣ ಬೇಕೆಂಬ ಸಂಸ್ಥಾನವು ವೃತ್ತಿಶಿಕ್ಷಣಕ್ಕೆಂದು ಮಂಡಳಿಯನ್ನು ನೇಮಿಸಬೇಕು, ಉದ್ಯೋಗಕ್ಕೆ ಇನ್ನೂ ಸೇರದ ವಿದ್ಯಾರ್ಥಿಗಳ ಕಸುಬಿನ ತರಗತಿಯಲ್ಲಿ ಕನಿಷ್ಠಪಕ್ಷ ಅರ್ಧ ವೇಳೆ ಕೈಕೆಲಸಕ್ಕೇ ಮೀಸಲಾಗಬೇಕು ಎಂದು ವಿಧಿಯಾಯಿತು. ಫೋರ್ಡನ ಮಾಡೆಲ್ ಟಿ ಕಾರುಗಳು ರಸ್ತೆಗಳನ್ನು ತುಂಬುತ್ತಿದ್ದ ಕಾಲ. ಮೋಟಾರು ರಿಪೇರಿಯ ಶೆಡ್ಡುಗಳು ಶಾಲೆಗಳಲ್ಲಿ ಎದ್ದುವು. ಕಾಲೇಜಿಗೆ ಹೋಗತಕ್ಕವರು ಒಂದು ಕಡೆ, ಶೆಡ್ಡಿಗೆ ಹೋಗತಕ್ಕವರು ಇನ್ನೊಂದು ಕಡೆ. ಆಮೇಲಿನ ಅರ್ಧ ಶತಮಾನದ ತಿದ್ದುಪಡಿಗಳೂ ವರದಿಗಳೂ ಓದಿದವರಿಗೆ ನಿದ್ರೆಯನ್ನು ಕರುಣಿಸುವಂಥವು.

ಗೋಡೆಯನ್ನು ಬಿರುಕುಬಿಡಿಸಿದ್ದು ಡ್ಯೂಯಿಯ ತರ್ಕವಲ್ಲ, ಕಾರಿನೊಳಗೆ ಹೊಕ್ಕ ಕಂಪ್ಯೂಟರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ರೋಗವನ್ನು ಹೇಳುತ್ತಿದ್ದ ಮೇಸ್ತ್ರಿಯೊಬ್ಬರನ್ನು ನಾನು ಬಾಲ್ಯದಲ್ಲಿ ನಮ್ಮ ಬೀದಿಯ ಗ್ಯಾರೇಜಿನಲ್ಲಿ ಕಂಡಿದ್ದೇನೆ. ಆ ವಿದ್ಯೆಗೆ ಈಗಲೂ ಕೈಮುಗಿಯುತ್ತೇನೆ. ಆದರೆ 1996ರಿಂದ ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಹೊಸ ಕಾರೂ ತನ್ನ ಕಾಯಿಲೆಯನ್ನು ಒಂದೇ ಬಗೆಯ ಸಂಕೇತಗಳಲ್ಲಿ ತಾನೇ ಹೇಳಿಕೊಳ್ಳಬೇಕೆಂದಾಯಿತು. ಸ್ಕ್ಯಾನರು ‘ಪಿ0301’ ಎಂದು ತೋರಿಸಿತೆನ್ನೋಣ: ಒಂದನೆಯ ಸಿಲಿಂಡರು ಮಿಸ್ ಹೊಡೆಯುತ್ತಿದೆ ಎಂದರ್ಥ. ದೋಷ ಪ್ಲಗ್ಗಿನದೋ, ಕಾಯಿಲಿನದೋ, ಇಂಜೆಕ್ಟರಿನದೋ, ಕಂಪ್ರೆಷನ್ನೇ ಇಳಿದಿದೆಯೋ, ಅದನ್ನು ಯಂತ್ರ ಹೇಳದು. ಬಲ್ಲ ಹುಡುಗಿ ಏನನ್ನೂ ಕೊಳ್ಳುವ ಮೊದಲು ಒಂದನೆಯದರ ಕಾಯಿಲನ್ನು ಬಿಚ್ಚಿ ಎರಡನೆಯದಕ್ಕೂ, ಎರಡನೆಯದರದನ್ನು ಒಂದನೆಯದಕ್ಕೂ ಹಾಕಿ ಇಂಜಿನ್ ಓಡಿಸುತ್ತಾಳೆ. ಸಂಕೇತ ‘ಪಿ0302’ ಎಂದು ಬದಲಾದರೆ ಕಾಯಿಲೇ ಅಪರಾಧಿ. ಬದಲಾಗದಿದ್ದರೆ ಕಾಯಿಲು ನಿರ್ದೋಷಿ, ಮುಂದೆ ಪ್ಲಗ್ಗಿನ ಸರದಿ. ಪ್ರಯೋಗಶಾಲೆಯ ವಿಜ್ಞಾನಿ ಮಾಡುವುದು ಇದಕ್ಕಿಂತ ಭಿನ್ನವೇನು?

ವೆಸ್ಟ್ ಫಿಲಡೆಲ್ಫಿಯದ ಆ ಶಾಲೆಯಲ್ಲಿ ಇದನ್ನು ಕಂಡುಕೊಂಡವರು ಸೈಮನ್ ಹಾಗರ್ ಎಂಬ ಉಪಾಧ್ಯಾಯರು. ವಿದ್ಯುತ್ ಇಂಜಿನಿಯರಿಕೆಯನ್ನು ಬಿಟ್ಟು ಪಾಠಕ್ಕೆ ಬಂದ ಇವರು 1998ರಲ್ಲಿ ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ವಿದ್ಯುತ್ತಿನ ಪುಟ್ಟ ಗಾಡಿಯೊಂದನ್ನು ಮಕ್ಕಳಿಂದ ಕಟ್ಟಿಸಲಾರಂಭಿಸಿದರು. ಕಾರ್ಯಕ್ರಮವು ಗಂಟೆ ಬಾರಿಸಿದ ಮೇಲೆ ಹುಟ್ಟಿತೆಂಬುದನ್ನು ಓದುಗರು ಗಮನಿಸಬೇಕು; ವೇಳಾಪಟ್ಟಿಯೊಳಗೆ ಅದಕ್ಕೆ ಜಾಗವಿರಲಿಲ್ಲ.

ಅಮೆರಿಕದ ಗ್ಯಾಲನ್ನಿಗೆ ನೂರು ಮೈಲಿ, ಎಂದರೆ ಲೀಟರಿಗೆ ಸುಮಾರು 42 ಕಿಲೋಮೀಟರು ಓಡಬಲ್ಲ ಕಾರಿಗೆ ಒಟ್ಟು ಒಂದು ಕೋಟಿ ಡಾಲರಿನ ಬಹುಮಾನವಿದ್ದ ಎಕ್ಸ್ ಪ್ರೈಜ್ ಸ್ಪರ್ಧೆಗೆ ನೂರಕ್ಕೂ ಹೆಚ್ಚು ತಂಡಗಳು ಇಳಿದಾಗ, ಅವುಗಳಲ್ಲಿ ಪ್ರೌಢಶಾಲೆಯದೆಂದರೆ ಹಾಗರರ ಮಕ್ಕಳ ತಂಡವೊಂದೇ. ಎರಡು ಕಾರುಗಳನ್ನು ಒಯ್ದ ಮಕ್ಕಳು ಮಿಷಿಗನ್ನಿನ ರೇಸಿನ ಪಥದಲ್ಲಿ 2010ರ ಬೇಸಗೆಯಲ್ಲಿ ಸೋತು ಹಿಂದಿರುಗಿದರು. ಶ್ವೇತಭವನದಲ್ಲಿ ಒಬಾಮಾ ಈ ಮಕ್ಕಳನ್ನು ಕೊಂಡಾಡಿದನು. ಸೋತ ಮಕ್ಕಳನ್ನು ಹೊಗಳುವುದು ಸುಲಭ. ಶೆಡ್ಡುಗಳಿಗೆ ಹಣ ಕೊಡುವುದು ಕಷ್ಟ.

2013ರಲ್ಲಿ ಹಾಗರ್ ಮತ್ತು ಸಂಗಡಿಗರು ಆ ನಗರದಲ್ಲಿಯೇ ‘ವರ್ಕ್‌ಶಾಪ್ ಸ್ಕೂಲ್’ ಎಂಬ ಸರಕಾರಿ ಪ್ರೌಢಶಾಲೆಯನ್ನು ತೆರೆದರು. ಅಲ್ಲಿ ಕಟ್ಟುವ ಕೆಲಸವೇ ಹಗಲಿನ ಪಾಠ. ಮಕ್ಕಳು ಗಂಟೆ ಬಾರಿಸುವವರೆಗೆ ಕಾಯಬೇಕಾಗಿಲ್ಲ. ವೆಸ್ಟ್ ಫಿಲಡೆಲ್ಫಿಯ ಹೈಸ್ಕೂಲಿನ ಹಳೆಯ ಭವ್ಯ ಕಟ್ಟಡದಲ್ಲಿ ಈಗ ಬಾಡಿಗೆಯ ಮನೆಗಳಿವೆ.