ಪರಮಪ್ರಸಾದದ ಸಾಲಿಗೆ ಮುನ್ನ



ಜಪಮಾಲೆ ಮಾತೆಯ ಹಬ್ಬದ ಬಲಿಪೂಜೆಗೆ ನಾವು ಕುಟುಂಬ ಸಮೇತರಾಗಿ ಬರುತ್ತೇವೆ. ಮಕ್ಕಳಿಗೆ ಹೊಸ ಬಟ್ಟೆ, ಮನೆಯಲ್ಲಿ ಹಬ್ಬದ ಅಡುಗೆ, ದೂರದ ಊರುಗಳಿಂದ ಬಂದ ನೆಂಟರು. ಪರಮಪ್ರಸಾದ ಹಂಚುವ ಹೊತ್ತಿಗೆ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಸಾಲು ಎದ್ದು ನಿಲ್ಲುತ್ತದೆ. ಸಾಲು ಬಾಗಿಲವರೆಗೂ ಬೆಳೆಯುತ್ತದೆ. ಆದರೆ ಹಿಂದಿನ ದಿನ ಸಂಜೆ ಪಾಪನಿವೇದನೆಯ ಪೀಠದ ಮುಂದೆ ಎಷ್ಟು ಜನರಿದ್ದರು? ಈ ಎರಡು ಸಾಲುಗಳ ನಡುವಿನ ಅಂತರವೇ ಈ ಬಾರಿ ನಮ್ಮನ್ನು ಬರೆಯಲು ಹಚ್ಚಿದೆ.

ಇದು ಯಾರನ್ನೂ ಬಯ್ಯಲು ಬರೆದದ್ದಲ್ಲ. ಸಾಲಿನಲ್ಲಿ ಎದ್ದು ಹೋಗುವವರಲ್ಲಿ ಕೆಲವರಿಗೆ ಒಳಗೊಳಗೇ ಅಳುಕಿದೆ. ಬೆಂಚಿನಲ್ಲೇ ಕುಳಿತು ತಲೆ ತಗ್ಗಿಸುವವರಲ್ಲಿ ಹಲವರಿಗೆ ಕುಳಿತಿರಬೇಕಾದ ಕಾರಣವೇ ಇಲ್ಲ. ಎರಡೂ ಕಡೆ ತಪ್ಪು ತಿಳಿವಳಿಕೆಯಿದೆ. ಪರಮಪ್ರಸಾದಕ್ಕೆ ಸಿದ್ಧತೆ ಎಂದರೇನು ಎಂಬುದನ್ನು ಮೊದಲ ಪರಮಪ್ರಸಾದದ ತರಗತಿಯಲ್ಲಿ ಕಲಿತು ಅಲ್ಲಿಯೇ ಬಿಟ್ಟು ಬಂದವರು ನಾವು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪ್ರಭುವನ್ನು ಬರಮಾಡಿಕೊಳ್ಳಲು ಯೋಗ್ಯರಾದವರು ನಮ್ಮಲ್ಲಿ ಯಾರೂ ಇಲ್ಲ. ಪರಮಪ್ರಸಾದ ಸ್ವೀಕರಿಸುವ ಮುನ್ನ ಪ್ರತಿ ಬಲಿಪೂಜೆಯಲ್ಲೂ ರೋಮಿನ ಶತಾಧಿಪತಿಯ ಮಾತನ್ನು ನೆನೆದು ನಾವೇ ಅದನ್ನು ಒಪ್ಪಿಕೊಳ್ಳುತ್ತೇವೆ. ಹಾಗಾದರೆ ಧರ್ಮಸಭೆ ಕೇಳುವುದೇನು? ನಮ್ಮ ಆತ್ಮದಲ್ಲಿ ನಿವೇದಿಸದೆ ಉಳಿದ ಮಾರಕ ಪಾಪ ಇರಬಾರದು ಎಂದು. ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳದೆ ಈ ರೊಟ್ಟಿಯನ್ನು ತಿನ್ನಬಾರದು ಎಂದು ಎಚ್ಚರಿಸಿದ್ದು ಇದನ್ನೇ. ಆ ಸಭೆಯಲ್ಲಿ ಉಳ್ಳವರು ಉಂಡು ಕುಡಿದು, ಇಲ್ಲದವರನ್ನು ಹಸಿದಿರಲು ಬಿಟ್ಟಿದ್ದರು ಎಂಬ ಸಂದರ್ಭವನ್ನೂ ಮರೆಯಬಾರದು.

ಮಾರಕ ಪಾಪ ಎನ್ನಲು ಮೂರು ಸಂಗತಿಗಳು ಕೂಡಿ ಬರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ನಮಗೆ ತಿಳಿದಿರಬೇಕು, ತಿಳಿದೂ ಮನಸ್ಸಿಟ್ಟು ಮಾಡಿರಬೇಕು. ಬೆಳಿಗ್ಗೆ ಮಗನ ಮೇಲೆ ರೇಗಿದ್ದು, ಜಪದ ನಡುವೆ ಮನಸ್ಸು ಅಲೆದದ್ದು, ನೆರೆಮನೆಯವರ ಬಗ್ಗೆ ಸಣ್ಣ ಮಾತು ಆಡಿದ್ದು ಲಘು ಪಾಪಗಳು. ಇವುಗಳಿಗಾಗಿ ಪರಮಪ್ರಸಾದ ಬಿಡಬೇಕಾಗಿಲ್ಲ. ಅವನ್ನೂ ಪಾಪನಿವೇದನೆಯಲ್ಲಿ ಹೇಳುವುದು ಒಳ್ಳೆಯದೇ, ಆದರೆ ಪಶ್ಚಾತ್ತಾಪಪಟ್ಟು ಪರಮಪ್ರಸಾದ ಸ್ವೀಕರಿಸಿದರೆ ಆ ಪ್ರಸಾದವೇ ಅವುಗಳನ್ನು ತೊಳೆಯುತ್ತದೆ. ತಂಗಿಗೆ ಸೇರಬೇಕಾದ ಆಸ್ತಿಯ ಪಾಲನ್ನು ಮೋಸದಿಂದ ಬರೆಸಿಕೊಂಡದ್ದು, ಚೀಟಿಯ ಹಣ ನುಂಗಿದ್ದು, ದಾಂಪತ್ಯಕ್ಕೆ ದ್ರೋಹ ಬಗೆದದ್ದು, ಕಾರಣವಿಲ್ಲದೆ ಭಾನುವಾರದ ಬಲಿಪೂಜೆ ತಪ್ಪಿಸಿದ್ದು, ಮೊಬೈಲಿನಲ್ಲಿ ಸುಳ್ಳು ಹರಡಿ ಒಬ್ಬರ ಮಾನ ಕಳೆದದ್ದು ಬೇರೆ ಲೆಕ್ಕ. ಇಂಥವನ್ನು ತಿಳಿದೂ ಮನಸ್ಸಿಟ್ಟೂ ಮಾಡಿದ್ದರೆ ಮೊದಲು ಪಾಪನಿವೇದನೆ, ಆಮೇಲೆ ಪರಮಪ್ರಸಾದ.

ನಮ್ಮ ಅಜ್ಜ ಅಜ್ಜಿಯರು ನಡುರಾತ್ರಿಯಿಂದ ನೀರೂ ಮುಟ್ಟದೆ ಪೂಜೆಗೆ ಬರುತ್ತಿದ್ದರು. 1953ರಲ್ಲಿ ನೀರಿಗೆ ಅನುಮತಿ ಸಿಕ್ಕಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಿಂದ ಒಂದೇ ಗಂಟೆ. ನೀರು, ಔಷಧಿ ಉಪವಾಸ ಮುರಿಯುವುದಿಲ್ಲ. ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ನಿಯಮವೂ ಇಲ್ಲ. ಒಂದು ವಿಚಿತ್ರ ನೋಡಿ: ಪೂಜೆಗೆ ಮುಕ್ಕಾಲು ಗಂಟೆ ಮೊದಲು ಚಹಾ ಕುಡಿದೆನಲ್ಲ ಎಂದು ಚಡಪಡಿಸುವವರಿದ್ದಾರೆ (ಒಂದು ಗಂಟೆಯ ಲೆಕ್ಕ ಪರಮಪ್ರಸಾದ ಸ್ವೀಕರಿಸುವ ಹೊತ್ತಿಗೆ, ಪೂಜೆಯ ಆರಂಭಕ್ಕಲ್ಲ). ಅದೇ ಜನ ಅಣ್ಣನೊಡನೆ ಹತ್ತು ವರ್ಷದಿಂದ ಮಾತು ಬಿಟ್ಟಿರುವುದನ್ನು ಲೆಕ್ಕಕ್ಕೇ ತರುವುದಿಲ್ಲ.

ಗುರುಗಳಿಗೆ ಯಾಕೆ ಹೇಳಬೇಕು, ದೇವರಿಗೇ ಹೇಳಿದರೆ ಸಾಲದೇ ಎಂದು ಯುವಜನರು ಕೇಳುತ್ತಾರೆ. ಪುನರುತ್ಥಾನರಾದ ಯೇಸುಸ್ವಾಮಿ ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮರನ್ನು ಕೊಟ್ಟು, ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಅವರ ಕೈಗಿತ್ತರು ಎಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಕ್ಷಮಿಸುವವರು ದೇವರೇ, ಗುರುಗಳು ಧರ್ಮಸಭೆಯ ಹೆಸರಿನಲ್ಲಿ ಕುಳಿತ ಸೇವಕರು. ಆದ್ದರಿಂದಲೇ ಗುರುದೀಕ್ಷೆಯೊಂದೇ ಸಾಲದು, ಪಾಪವಿಮೋಚನೆ ನೀಡಲು ಧರ್ಮಸಭೆಯ ಅಧಿಕಾರವೂ ಬೇಕು. ಈ ವಿಷಯ ಒಮ್ಮೆ ನಮ್ಮ ಊರನ್ನೇ ಕಲಕಿತ್ತು. 1681ರಲ್ಲಿ ಸಂತ ಜೋಸೆಫ್ ವಾಜ್ ಗೋವೆಯಿಂದ ಕೆನರಾಕ್ಕೆ ಬಂದಾಗ, ಪೋರ್ಚುಗಲ್ ಅರಸರ ಪಾದ್ರುವಾದೊ ಆಡಳಿತಕ್ಕೂ ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊರಿಗೂ ಅಧಿಕಾರದ ತಕರಾರು ನಡೆದಿತ್ತು. ಒಂದು ಕಡೆಯವರು ಇನ್ನೊಂದು ಕಡೆಯವರ ಅಧಿಕಾರವನ್ನು ಒಪ್ಪದಿದ್ದಾಗ ಬಡ ವಿಶ್ವಾಸಿ ಏನು ಮಾಡಬೇಕು? ತಾನು ಪಡೆದ ಪಾಪವಿಮೋಚನೆ ಸಲ್ಲುತ್ತದೋ ಇಲ್ಲವೋ ಎಂಬ ಭಯಕ್ಕಿಂತ ದೊಡ್ಡ ಭಯ ಅವನಿಗೆ ಯಾವುದಿದ್ದೀತು? ವಾಜ್ ಸಂಧಾನಕ್ಕೆ ದುಡಿದದ್ದು ಮುಖ್ಯವಾಗಿ ಇಂಥವರಿಗಾಗಿ ಎಂದು ನಾವು ಎಣಿಸುತ್ತೇವೆ. ಮುಂದೆ ಡಚ್ಚರ ಆಳ್ವಿಕೆಯ ಸಿಲೋನಿನಲ್ಲಿ ಅವರು ವೇಷ ಮರೆಸಿಕೊಂಡು ರಾತ್ರಿಯ ಹೊತ್ತು ಮನೆಗಳಿಗೆ ಹೋಗಿ ಸಂಸ್ಕಾರಗಳನ್ನು ನೀಡಿದರು.

ಬೋಳಾರದ ರೊಸಾರಿಯೊ ದೇವಾಲಯ 1568ರಷ್ಟು ಹಳೆಯದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಈ ದೇವಾಲಯವೂ ನೆಲಕಚ್ಚಿತು, ಗುರುಗಳನ್ನು ಹೊರಗಟ್ಟಲಾಯಿತು. ಸೆರೆ ಮುಗಿದದ್ದು 1799ರಲ್ಲಿ. ಹದಿನೈದು ವರ್ಷ! ಗುರುಗಳಿಲ್ಲದೆ ಸೆರೆಯಲ್ಲೇ ಕಣ್ಣು ಮುಚ್ಚಿದವರ ಗತಿಯೇನು? ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟುವ ಪಶ್ಚಾತ್ತಾಪಕ್ಕೆ, ಅವಕಾಶ ಸಿಕ್ಕೊಡನೆ ಪಾಪನಿವೇದನೆ ಮಾಡುವ ನಿಶ್ಚಯ ಸೇರಿದ್ದರೆ, ಮಾರಕ ಪಾಪಕ್ಕೂ ಕ್ಷಮೆಯಿದೆ ಎಂಬುದು ಧರ್ಮಸಭೆಯ ಬೋಧನೆ. ಇದನ್ನು ಪರಿಪೂರ್ಣ ಪಶ್ಚಾತ್ತಾಪ ಎನ್ನುತ್ತೇವೆ. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಕಾಲದ ನಿರ್ಬಂಧಗಳ ನಡುವೆ ರೋಮ್ ಲೋಕಕ್ಕೆಲ್ಲ ನೆನಪಿಸಿದ್ದೂ ಇದನ್ನೇ. ಆದರೆ ಇದು ದಾರಿ ಮುಚ್ಚಿದಾಗಿನ ದಾರಿ. ಗುರುಗಳು ಹತ್ತು ಹೆಜ್ಜೆಯಾಚೆ ಕುಳಿತಿರುವಾಗ ಅದನ್ನೇ ಹಿಡಿಯುವುದು ಸರಿಯಲ್ಲ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಗಲ್ಫಿನಲ್ಲಿರುವ ಮಗ ತಾಯಿ ತೀರಿಕೊಂಡ ಸುದ್ದಿ ಕೇಳಿ ಬೆಳಗಿನ ಜಾವ ವಿಮಾನ ಇಳಿಯುತ್ತಾನೆ. ಮಧ್ಯಾಹ್ನ ಅಂತ್ಯಕ್ರಿಯೆಯ ಪೂಜೆ. ಅವನು ಪಾಪನಿವೇದನೆ ಮಾಡಿ ಹನ್ನೆರಡು ವರ್ಷ ಕಳೆದಿದೆ, ಮನಸ್ಸಿನ ಮೇಲೆ ಭಾರವಾದ ಪಾಪವೂ ಇದೆ. ಮೊದಲ ಬೆಂಚಿನಲ್ಲಿ ಅವನಿಗೆ ಜಾಗ. ಅವನು ಎದ್ದು ಹೋಗದಿದ್ದರೆ ನೆಂಟರು ನೋಡುತ್ತಾರೆ. ಎದ್ದು ಹೋಗಲು ಮನಸ್ಸಾಕ್ಷಿ ಬಿಡದು. ಅವನೇನು ಮಾಡಬೇಕು? ಉತ್ತರ ಸುಲಭ: ಪೂಜೆಗೆ ಮುಂಚೆ ಗುರುಗಳು ಪೂಜಾವಸ್ತ್ರ ತೊಡುವ ಕೋಣೆಗೆ ಹೋಗಿ, "ಫಾದರ್, ಐದು ನಿಮಿಷ" ಎಂದು ಕೇಳಬೇಕು. ಇಲ್ಲ ಎನ್ನುವ ಗುರುಗಳು ಅಪರೂಪ. ಅದಕ್ಕೂ ಅವಕಾಶವಾಗದಿದ್ದರೆ, ಇಂಥ ಗಂಭೀರ ಕಾರಣವಿರುವಾಗ, ಪರಿಪೂರ್ಣ ಪಶ್ಚಾತ್ತಾಪಪಟ್ಟು ಬೇಗನೇ ಪಾಪನಿವೇದನೆ ಮಾಡುವ ನಿಶ್ಚಯದೊಡನೆ ಅವನು ಪರಮಪ್ರಸಾದ ಸ್ವೀಕರಿಸಬಹುದೆಂದು ಧರ್ಮಸಭೆಯ ಕಾನೂನಿನ 916ನೇ ವಿಧಿ ಅವಕಾಶ ಕೊಟ್ಟಿದೆ. ನೆಂಟರು ನೋಡುತ್ತಾರೆ ಎಂಬುದೊಂದೇ ಆ ಗಂಭೀರ ಕಾರಣವಾಗದು.

ನೋಡುವ ನೆಂಟರಿಗೂ ಒಂದು ಮಾತು. ಯಾರು ಎದ್ದರು, ಯಾರು ಕುಳಿತರು ಎಂಬ ಲೆಕ್ಕ ನಮಗೇಕೆ? ಒಬ್ಬರು ಬೆಂಚಿನಲ್ಲಿ ಉಳಿದರೆ ಕಾಲು ಸರಿಸಿ ದಾರಿ ಬಿಟ್ಟರಾಯಿತು. 1905ರಲ್ಲಿ ಪೋಪ್ ಸಂತ ಹತ್ತನೇ ಪಿಯುಸ್ ದಿನವೂ ಪರಮಪ್ರಸಾದ ಸ್ವೀಕರಿಸುವಂತೆ ವಿಶ್ವಾಸಿಗಳನ್ನು ಹುರಿದುಂಬಿಸಿದಾಗ, ಕೃಪಾವಸ್ಥೆಯ ಜೊತೆಗೆ ಶುದ್ಧ ಉದ್ದೇಶವನ್ನೂ ಕೇಳಿದ್ದರು. ರೂಢಿಗಾಗಿ, ಪ್ರದರ್ಶನಕ್ಕಾಗಿ, ಜನರ ಮುಖ ನೋಡಿ ಹೋಗಬಾರದು ಎಂಬುದು ಆ ಆದೇಶದಲ್ಲೇ ಇದೆ.

ಮದುವೆ ಚರ್ಚಿನಲ್ಲಿ ಆಗದೆ ರಿಜಿಸ್ಟರ್ ಕಚೇರಿಯಲ್ಲಷ್ಟೇ ಆದ ಕಾರಣ ವರ್ಷಗಟ್ಟಲೆ ಪರಮಪ್ರಸಾದದಿಂದ ದೂರ ಉಳಿದ ದಂಪತಿಗಳು ನಮ್ಮ ನಡುವೆ ಇದ್ದಾರೆ. ಇನ್ನು ದಾರಿಯಿಲ್ಲವೆಂದು ಅವರು ತಾವೇ ತೀರ್ಮಾನಿಸದೆ ಧರ್ಮಕೇಂದ್ರದ ಗುರುಗಳನ್ನು ಕಾಣಲಿ. ಸರಿಪಡಿಸಬಹುದಾದ ಪ್ರಕರಣಗಳು ಎಷ್ಟೋ ಇರುತ್ತವೆ.

ಇನ್ನು ಪಾಪನಿವೇದನೆಯ ಬಗ್ಗೆ. ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂಬ ನಿಯಮ 1215ರ ಲ್ಯಾಟರನ್ ಮಹಾಸಭೆಯಿಂದ ಬಂದದ್ದು. ಮಾರಕ ಪಾಪಗಳನ್ನು ಯಾವ ಬಗೆಯದು, ನೆನಪಿದ್ದಷ್ಟು ಎಷ್ಟು ಬಾರಿ ಎಂದು ಹೇಳಬೇಕು. ಅದರ ಕಥೆಯೆಲ್ಲ ಬೇಡ, ಗಂಡನ ಪಾಪವನ್ನು ಹೆಂಡತಿ, ಸೊಸೆಯ ಪಾಪವನ್ನು ಅತ್ತೆ ಹೇಳುವುದೂ ಬೇಡ! ಮರೆತುಹೋದದ್ದು ಕ್ಷಮೆಯೊಳಗೇ ಸೇರುತ್ತದೆ, ನೆನಪಾದಾಗ ಮುಂದಿನ ಬಾರಿ ಹೇಳಿದರಾಯಿತು. ನಾಚಿಕೆಯಿಂದ ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಆ ಪಾಪನಿವೇದನೆಯೇ ಸಲ್ಲುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು. ತಂಗಿಯ ಪಾಲನ್ನು ಕೈಯಲ್ಲಿಟ್ಟುಕೊಂಡು ಮೂರು ಜಪ ಹೇಳಿ ಎದ್ದರೆ ಆಗದು. ಗುರುಗಳು ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ, ನ್ಯಾಯಾಲಯದಲ್ಲೂ ಹೇಳುವಂತಿಲ್ಲ. ಆ ಮುದ್ರೆಯನ್ನು ನೇರವಾಗಿ ಮುರಿದ ಗುರು ತಾನಾಗಿಯೇ ಬಹಿಷ್ಕಾರಕ್ಕೆ ಒಳಗಾಗುತ್ತಾನೆ. ಪರಿಚಯದ ಗುರುಗಳ ಮುಂದೆ ಸಂಕೋಚವೆನಿಸಿದರೆ ಬೇರೆ ಚರ್ಚಿಗೆ ಹೋಗಲು ಪೂರ್ಣ ಸ್ವಾತಂತ್ರ್ಯವಿದೆ.

ಬಹಳ ವರ್ಷಗಳ ನಂತರ ಬರುವವರನ್ನು ತಡೆಯುವುದು ಕೆಲವೊಮ್ಮೆ ಪಾಪಕ್ಕಿಂತ ಮರೆವು. ಚಿಕ್ಕಂದಿನಲ್ಲಿ ಕೊಂಕಣಿಯಲ್ಲಿ ಬಾಯಿಪಾಠ ಮಾಡಿದ ಪಶ್ಚಾತ್ತಾಪದ ಜಪ ಈಗ ಬಾಯಿಗೆ ಬಾರದು, ಕನ್ನಡದ್ದು ಗೊತ್ತೇ ಇಲ್ಲ, ಹೇಗೆ ಆರಂಭಿಸುವುದೆಂದು ತಿಳಿಯದು. ಗುರುಗಳಿಗೆ ಹಾಗೆಂದೇ ಹೇಳಿ. ಅವರು ಒಂದೊಂದೇ ಮಾತು ಹೇಳಿಕೊಡುತ್ತಾರೆ, ನೀವು ಹಿಂದಿನಿಂದ ಹೇಳುತ್ತಾ ಹೋದರಾಯಿತು.