ಲೈನ್ ಕಡಿದರೂ ನಿಲ್ಲದ ಕೆಲಸ

ದೂರದ ಸರ್ವರ್‌ನಲ್ಲಿ ಮೂರು ದಿನ ಹಿಡಿಯುವ ಲೆಕ್ಕಾಚಾರಕ್ಕೆ ಚಾಲನೆ ಕೊಟ್ಟು, ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗುತ್ತೀರಿ. ಬೆಳಿಗ್ಗೆ ನೋಡಿದರೆ ಕೆಲಸ ಅರ್ಧಕ್ಕೇ ನಿಂತಿದೆ. ಸರ್ವರ್ ಕೆಟ್ಟಿಲ್ಲ, ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಟೆಲಿಫೋನ್ ಕಾಲದ ಒಂದು ನಿಯಮ ಅದನ್ನು ನಿಲ್ಲಿಸಿದೆ.

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬೆಳೆಯುತ್ತಿದ್ದ 1970ರ ದಶಕದಲ್ಲಿ ದೂರದ ಬಳಕೆದಾರರು ಫೋನ್ ಲೈನಿಗೆ ಮೋಡೆಮ್ ಹಚ್ಚಿ ಕಂಪ್ಯೂಟರ್ ತಲುಪುತ್ತಿದ್ದರು. ಲೈನ್ ಕಡಿದರೆ ಯುನಿಕ್ಸ್‌ನ ತಿರುಳಾದ ಕರ್ನಲ್ ಅವರ ಪ್ರೋಗ್ರಾಮುಗಳಿಗೆ ಸಿಗ್‌ಹಪ್ ಎಂಬ ಸಂಕೇತ ಕಳಿಸುತ್ತಿತ್ತು. ಸಂಕೇತಗಳ ಪಟ್ಟಿಯಲ್ಲಿ ಅದರದು 1ನೇ ಸ್ಥಾನ. ಬೇರೆ ಏರ್ಪಾಡಿಲ್ಲದ ಪ್ರೋಗ್ರಾಮ್ ಅದು ಬಂದೊಡನೆ ಸಾಯುತ್ತದೆ. ಹತ್ತಾರು ಜನ ಒಂದೇ ಯಂತ್ರ ಹಂಚಿಕೊಂಡಿದ್ದಾಗ ಇದು ಸರಿಯಾದ ವ್ಯವಸ್ಥೆಯೇ. ಈಗ ಫೋನಿನ ಬದಲು ನೆಟ್‌ವರ್ಕ್ ಮೂಲಕ ಸರ್ವರ್ ತಲುಪಿಸುವ ಎಸ್‌ಎಸ್‌ಎಚ್ ಬಂದಿದೆ, ನಿಯಮ ಮಾತ್ರ ಹಾಗೇ ಉಳಿದಿದೆ. ಸಂಪರ್ಕ ಮುಗಿದಾಗ ಸರ್ವರ್ ನಿಮಗಾಗಿ ತೆರೆದಿದ್ದ ಕೃತಕ ಟರ್ಮಿನಲ್ ಮುಚ್ಚುತ್ತದೆ, ನಿಮ್ಮ ಆದೇಶಗಳನ್ನು ಓದಿ ನಡೆಸುವ ಶೆಲ್‌ಗೆ ಸಿಗ್‌ಹಪ್ ಮುಟ್ಟುತ್ತದೆ, ಶೆಲ್ ಅದನ್ನು ತನ್ನ ಕೆಳಗಿನ ಕೆಲಸಗಳಿಗೆ ದಾಟಿಸುತ್ತದೆ.

ನೋಹಪ್ ಎಂಬ ಹಳೆಯ ಆದೇಶ ಈ ಸಂಕೇತಕ್ಕೆ ಕಿವಿಗೊಡದಂತೆ ಪ್ರೋಗ್ರಾಮನ್ನು ಓಡಿಸುತ್ತದೆ. ಕೆಲಸ ಉಳಿಯುತ್ತದೆ ನಿಜ, ಆದರೆ ಮತ್ತೆ ಅದರ ಮುಂದೆ ಕೂತು ಟೈಪ್ ಮಾಡಲಾಗದು.

ಆ ಕೊರತೆ ನೀಗಿಸಿದ್ದು ಸ್ಕ್ರೀನ್ ಎಂಬ ಪ್ರೋಗ್ರಾಮ್. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ 1987ರಲ್ಲಿ ಅದನ್ನು ಬರೆದರು. ನಿಕೋಲಸ್ ಮ್ಯಾರಿಯಟ್ ಬರೆದ ಟೀಮಕ್ಸ್ 2007ರಲ್ಲಿ ಬಂತು. ಎರಡರ ಉಪಾಯವೂ ಒಂದೇ, ನನಗಂತೂ ಬಹಳ ಮೆಚ್ಚುಗೆಯದು: ನಿಮ್ಮ ಪ್ರೋಗ್ರಾಮ್ ಓಡುವ ಟರ್ಮಿನಲ್ಲನ್ನು ಸರ್ವರ್‌ನಲ್ಲೇ ಇರುವ ಇನ್ನೊಂದು ಪ್ರೋಗ್ರಾಮ್ ಹಿಡಿದುಕೊಳ್ಳುತ್ತದೆ. ನೀವು ಅದನ್ನು ನೋಡಲು ಬಂದವರು, ಅಷ್ಟೆ. ನೋಡುವವರು ಹೋದರೂ ಟರ್ಮಿನಲ್ ಮುಚ್ಚುವುದಿಲ್ಲ, ಒಳಗಿನ ಪ್ರೋಗ್ರಾಮಿಗೆ ಸಂಕೇತ ತಲುಪುವ ಸಂದರ್ಭವೇ ಬಾರದು. ಟೀಮಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಿ ಬಿಟ್ಟು, ಡಿ ಒತ್ತಿದರೆ ಹೊರಗೆ ಬರುತ್ತೀರಿ. ಮರುದಿನ ಬೇರೆ ಊರಿನಿಂದ, ಬೇರೆ ಲ್ಯಾಪ್‌ಟಾಪಿನಿಂದ ಬಂದು 'ಟೀಮಕ್ಸ್ ಅಟ್ಯಾಚ್' ಎಂದರೆ ಅದೇ ಪರದೆ ಎದುರಿಗಿರುತ್ತದೆ. ರಾತ್ರಿಯೆಲ್ಲ ಮೂಡಿದ ಸಾಲುಗಳನ್ನು ಮೇಲಕ್ಕೆ ಸರಿಸಿ ಓದಬಹುದು, ಅರ್ಧ ಟೈಪ್ ಮಾಡಿ ಬಿಟ್ಟ ಆದೇಶವೂ ಅಲ್ಲೇ ಇರುತ್ತದೆ.

ಆದರೆ ಕೆಲವು ಲಿನಕ್ಸ್ ಯಂತ್ರಗಳಲ್ಲಿ ಬಳಕೆದಾರ ಹೊರಹೋದೊಡನೆ ಅವನ ಎಲ್ಲ ಪ್ರೋಗ್ರಾಮುಗಳನ್ನೂ ಯಂತ್ರದ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ನಿಲ್ಲಿಸುವಂತೆ ಹೊಂದಿಸಿರುತ್ತಾರೆ. ಅಲ್ಲಿ ಟೀಮಕ್ಸ್ ಕೂಡ ಉಳಿಯದು, ಮೊದಲೇ ಅಡ್ಮಿನ್ ಬಳಿ ವಿಚಾರಿಸಬೇಕು. ಸರ್ವರ್ ರೀಬೂಟ್ ಆದರಂತೂ ಎಲ್ಲವೂ ಹೋಗುತ್ತದೆ. ಹಾಗಾಗಿ ದಿನಗಟ್ಟಲೆ ಓಡುವ ಪ್ರೋಗ್ರಾಮ್ ಬರೆಯುವವರು ಅದುವರೆಗಿನ ಫಲಿತಾಂಶವನ್ನು ಆಗಾಗ ಡಿಸ್ಕಿಗೆ ಉಳಿಸಿ, ಅಲ್ಲಿಂದಲೇ ಮತ್ತೆ ಶುರುವಾಗುವಂತೆ ಬರೆದಿರುತ್ತಾರೆ.