3 + 4ಐ ಸಂಖ್ಯೆಯ ನಿರಪೇಕ್ಷ ಮೌಲ್ಯ 5 ಹೇಗೆ?

ಪ್ರಶ್ನೆ: -7ರ ನಿರಪೇಕ್ಷ ಮೌಲ್ಯ 7, ಮೈನಸ್ ತೆಗೆದರೆ ಮುಗಿಯಿತು. ಮೈನಸ್ಸೇ ಇಲ್ಲದ 3 + 4ಐ ಸಂಖ್ಯೆಗೆ 5 ಬರುವುದು ಹೇಗೆ?

ಉತ್ತರ: ಮೈನಸ್ ತೆಗೆಯುವುದು ಲೆಕ್ಕದ ಸುಲಭೋಪಾಯವಷ್ಟೇ. ಸಂಖ್ಯೆಯೊಂದು ಸೊನ್ನೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಅದರ ನಿರಪೇಕ್ಷ ಮೌಲ್ಯ. ವಾಸ್ತವ ಸಂಖ್ಯೆಗಳೆಲ್ಲ ಒಂದೇ ಸರಳರೇಖೆಯ ಮೇಲಿರುವುದರಿಂದ -7 ಮತ್ತು 7 ಎರಡೂ ಸೊನ್ನೆಗೆ ಸಮದೂರ. ವರ್ಗ -1 ಆಗುವ ಐ ಸೇರಿರುವ 3 + 4ಐ ಅಂಥ ಸಂಕೀರ್ಣ ಸಂಖ್ಯೆಗೆ ರೇಖೆ ಸಾಲದು, ಸಮತಲ ಬೇಕು. ಅಲ್ಲಿ 3 + 4ಐ ಎಂದರೆ ಸೊನ್ನೆಯಿಂದ ಬಲಕ್ಕೆ 3, ಮೇಲಕ್ಕೆ 4 ಮಾನ ಸರಿದ ಬಿಂದು. ಪೈಥಾಗೊರಸ್ ಪ್ರಮೇಯದಂತೆ 9 + 16 = 25; ಅದರ ವರ್ಗಮೂಲ 5.

ಸುಮ್ಮನೆ 3 ಮತ್ತು 4ನ್ನು ಕೂಡಿ 7 ಎನ್ನಬಾರದೇಕೆ ಎಂದು ಕೇಳಬಹುದು. ಹಾಗೂ ಅಳೆಯಬಹುದು, ಆದರೆ ಗುಣಾಕಾರದಲ್ಲಿ ಆ ಅಳತೆ ಕೈಕೊಡುತ್ತದೆ. 3 + 4ಐ ಸಂಖ್ಯೆಯ ವರ್ಗ -7 + 24ಐ. ಇದರ ದೂರ 25, ಅಂದರೆ ಸರಿಯಾಗಿ 5 × 5. ಕೂಡುವ ಕ್ರಮದಲ್ಲಿ 7 × 7 = 49 ಬರಬೇಕಿತ್ತು; ಬರುವುದು 7 + 24 = 31. ಐ ವರ್ಗ -1 ಆಗಿರುವಾಗ 9 - 16 ಆಗಬೇಕಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ತ್ರಿಭುಜದ ಬಾಹುವಿನ ಉದ್ದ 4, 4ಐ ಅಲ್ಲ. ಅದಕ್ಕೇ ಸಂಖ್ಯೆಯನ್ನು ಅದರಿಂದಲೇ ಗುಣಿಸದೆ, 3 - 4ಐ ಎಂಬ ಜೋಡಿಯಿಂದ ಗುಣಿಸಿದರೆ ನೇರವಾಗಿ 25 ಸಿಗುತ್ತದೆ.

ಕಂಪ್ಯೂಟರಿನಲ್ಲಿ ಮಾತ್ರ ಎಚ್ಚರ ಬೇಕು: ಭಾರೀ ಸಂಖ್ಯೆಗಳ ವರ್ಗ ಅದರ ಮಿತಿಯನ್ನೇ ಮೀರಬಹುದು. ಎರಡು ಬಾಹುಗಳ ಉದ್ದವನ್ನೂ ಅವುಗಳಲ್ಲಿ ದೊಡ್ಡದರಿಂದ ಮೊದಲು ಭಾಗಿಸಿ, ವರ್ಗಮೂಲ ತೆಗೆದ ಮೇಲೆ ಅದರಿಂದಲೇ ಗುಣಿಸಿದರೆ ಆ ತೊಡಕು ತಪ್ಪುತ್ತದೆ.